ಪಾಠದ ಗಂಟೆ ಯಾರಿಗೆ ದಾರಿ ಬಿಡುತ್ತದೆ?

(ಕಥೋಲಿಕ ಪ್ರೌಢಶಾಲೆಯ ಒಂದು ವರ್ಷದ ಕುರಿತು ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮಾತು ಶಾಲೆಯ ವಾರ್ಷಿಕ ವರದಿಯಂತೆ ಇರಬಾರದು ಎಂದು ಸಂಘಟಕರು ಮೊದಲೇ ಹೇಳಿದ್ದರು. ಒಳ್ಳೆಯದೇ ಆಯಿತು. ವಾರ್ಷಿಕ ವರದಿಯಲ್ಲಿ ಎಲ್ಲ ಶಾಲೆಗಳೂ ಒಂದೇ ಥರ ಕಾಣುತ್ತವೆ. ಶೇಕಡಾವಾರು ಫಲಿತಾಂಶ, ಗೆದ್ದು ತಂದ ಕಪ್ಪುಗಳು, ಬಂದುಹೋದ ಅತಿಥಿಗಳು, ಕಡೆಗೆ ದೇವರಿಗೂ ಆಡಳಿತ ಮಂಡಳಿಗೂ ಒಂದೇ ಉಸಿರಿನಲ್ಲಿ ಕೃತಜ್ಞತೆ. ಆ ವರದಿಯಿಂದ ಶಾಲೆಯ ಹೆಸರನ್ನು ಅಳಿಸಿ ಬೇರೆ ಹೆಸರು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಶಾಲೆ ಏನನ್ನು ನಂಬುತ್ತದೆ ಎಂದು ತಿಳಿಯಬೇಕಾದಾಗ ನಾನು ಅದರ ವೇಳಾಪಟ್ಟಿಯನ್ನು ನೋಡುತ್ತೇನೆ. ಅದರಲ್ಲೂ ಆ ಪಟ್ಟಿ ಎಲ್ಲಿ ಮುರಿಯುತ್ತದೆ ಎನ್ನುವುದನ್ನು ಗಮನಿಸುತ್ತೇನೆ. ಗೋಡೆಯ ಮೇಲೆ ಧ್ಯೇಯವಾಕ್ಯ ಬರೆಸುವುದಕ್ಕೆ ಬಣ್ಣದ ಖರ್ಚು ಮಾತ್ರ. ಒಂದು ಗಣಿತದ ಅವಧಿಯನ್ನು ಬಿಟ್ಟುಕೊಡುವುದು ನಿಜವಾದ ಖರ್ಚು. ಸಿಬ್ಬಂದಿ ಕೊಠಡಿಯಲ್ಲಿ ಕುಳಿತವರಿಗೆಲ್ಲ ಇದು ಗೊತ್ತು. ಸಂಸ್ಥಾಪಕರ ಹಬ್ಬಕ್ಕೆ, ಧ್ಯಾನಕೂಟಕ್ಕೆ, ಸಹಪಾಠಿಯ ತಂದೆಯ ಅಂತ್ಯಕ್ರಿಯೆಗೆ ಪಾಠದ ಗಂಟೆ ದಾರಿ ಬಿಡುತ್ತದೆಯೇ? ಬಿಟ್ಟರೆ ಎಷ್ಟು ಹೊತ್ತು, ಯಾರ ಪಾಠದ ಲೆಕ್ಕದಲ್ಲಿ? ಈ ಪ್ರಶ್ನೆಯನ್ನು ಹಿಡಿದುಕೊಂಡು ಒಂದು ವರ್ಷವನ್ನು ದಾಟೋಣ.

ಕಥೋಲಿಕ ಶಾಲೆಯಲ್ಲಿ ಒಂದರ ಮೇಲೊಂದು ಎರಡು ವರ್ಷಗಳು ನಡೆಯುತ್ತಿರುತ್ತವೆ. ಒಂದು ಪರೀಕ್ಷಾ ಮಂಡಳಿಯದು, ಪ್ರವೇಶದಿಂದ ಫಲಿತಾಂಶದವರೆಗೆ. ಇನ್ನೊಂದು ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಆರಾಧನಾ ವರ್ಷ. ಅದು ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ ಕೊನೆಗೋ ಡಿಸೆಂಬರ್ ಆರಂಭಕ್ಕೋ ತೊಡಗಿ, ಕ್ರಿಸ್ತಜಯಂತಿ (ಕ್ರಿಸ್‌ಮಸ್), ಉಪವಾಸ-ಪ್ರಾಯಶ್ಚಿತ್ತದ ತಪಸ್ಸುಕಾಲ, ಯೇಸುವಿನ ಪುನರುತ್ಥಾನದ ಹಬ್ಬವಾದ ಪಾಸ್ಕ (ಈಸ್ಟರ್) ಇವನ್ನು ದಾಟಿ ಕ್ರಿಸ್ತರಾಜರ ಹಬ್ಬದ ವಾರಕ್ಕೆ ಮುಗಿಯುತ್ತದೆ. ಎರಡೂ ಒಂದೇ ದಿನ ಶುರುವಾಗುವ ಶಾಲೆಯನ್ನು ನಾನು ಕಂಡಿಲ್ಲ. ಯುರೋಪಿನಲ್ಲಿ ತರಗತಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ ಶುರುವಾಗುತ್ತವೆ. ಹೊಸಬರಿಗೆ ಶಾಲೆ ಒಗ್ಗುವಷ್ಟರಲ್ಲಿ ಆಗಮನ ಕಾಲ ಬರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಶಾಲೆ ತೆರೆಯುತ್ತದೆ. ಅಲ್ಲಿ ಮಕ್ಕಳು ಪರಸ್ಪರರ ಹೆಸರು ಕಲಿಯುತ್ತಿರುವಾಗಲೇ ತಪಸ್ಸುಕಾಲ ತೊಡಗಿ ಹಣೆಗೆ ಬೂದಿ ಬೀಳಬಹುದು. ಹೊಸ ಜೀವದ ಹಬ್ಬವಾದ ಪಾಸ್ಕವು ಅಲ್ಲಿ ಎಲೆ ಉದುರುವ ಕಾಲಕ್ಕೆ ಬರುತ್ತದೆ. ಉತ್ತರ ಗೋಳದವರು ಚಿಗುರು, ವಸಂತ ಎಂದು ಬರೆದ ಪ್ರಬೋಧನೆಗಳನ್ನು ಅಲ್ಲಿನ ಗುರುಗಳು (ಪಾದ್ರಿಗಳು) ಹಾಗೆಯೇ ಓದುವಂತಿಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಪಾಸ್ಕದ ದಿನಾಂಕ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಎಂಬುದು ಸ್ಥೂಲವಾದ ಲೆಕ್ಕ. ಆ ಹುಣ್ಣಿಮೆಯನ್ನು ಗುರುತಿಸುವುದಕ್ಕೂ ಆಕಾಶವನ್ನು ನೋಡುವುದಿಲ್ಲ, ಧರ್ಮಸಭೆಯ ಕೋಷ್ಟಕವನ್ನೇ ನೋಡುತ್ತಾರೆ. ಹಾಗಾಗಿ ಪಾಸ್ಕ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬೀಳುತ್ತದೆ. 2008ರಲ್ಲಿ ಮಾರ್ಚ್ 23ಕ್ಕೆ ಬಂದಿತ್ತು; 2038ರಲ್ಲಿ ಏಪ್ರಿಲ್ 25ಕ್ಕೆ ಬರಲಿದೆ. ಅದರ ಹಿಂದೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಮುಂದಿನ ಪವಿತ್ರಾತ್ಮರ ಹಬ್ಬ ಎಲ್ಲವೂ ಅದರೊಡನೆ ಜರುಗುತ್ತವೆ. ಉಪಪ್ರಾಂಶುಪಾಲರು ಕ್ಯಾಲೆಂಡರ್ ಹಿಡಿದು ನಿಟ್ಟುಸಿರು ಬಿಡುವುದನ್ನು ನೀವೂ ನೋಡಿರುತ್ತೀರಿ. ಅವರಿಗೆ ಸಮಾಧಾನವಾಗಲಿ ಎಂದು ಒಂದು ಮಾತು ಹೇಳುತ್ತೇನೆ: ಈ ಲೆಕ್ಕವನ್ನು ಸರಿಪಡಿಸಿದವರಲ್ಲಿ ಒಬ್ಬ ಮೇಷ್ಟ್ರೂ ಇದ್ದರು. ರೋಮಿನ ಯೇಸುಸಭೆಯ (ಜೆಸ್ವಿಟರ) ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಕ್ರಿಸ್ತೋಫರ್ ಕ್ಲಾವಿಯಸ್, ಪೋಪ್ ಹದಿಮೂರನೆಯ ಗ್ರೆಗೊರಿಯವರ 1582ರ ಪಂಚಾಂಗ ಸುಧಾರಣೆಯಲ್ಲಿ ದುಡಿದವರು. ಆ ವರ್ಷ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. ವೇಳಾಪಟ್ಟಿಯಿಂದ ಒಮ್ಮೆಗೇ ಹತ್ತು ದಿನ ಹಾರಿಹೋದರೂ ಶಾಲೆಗಳು ಉಳಿದುಕೊಂಡವು.

ಈಗ ವರ್ಷದ ಮೊದಲ ದೊಡ್ಡ ದಿನಕ್ಕೆ ಬರೋಣ. ಅನೇಕ ಶಾಲೆಗಳು ಪವಿತ್ರಾತ್ಮರ ಬಲಿಪೂಜೆಯೊಂದಿಗೆ (ಮಾಸ್) ವರ್ಷವನ್ನು ಆರಂಭಿಸುತ್ತವೆ. ಯೇಸುಸಭೆಯವರು ಈ ರೂಢಿಯನ್ನು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ತೆರೆದ ತಮ್ಮ ಮೊದಲ ಶಾಲೆಯವರೆಗೆ ಒಯ್ಯುತ್ತಾರೆ. ವಿವೇಕ, ಜ್ಞಾನ, ಧೈರ್ಯಗಳನ್ನು ಕೇಳಿಕೊಳ್ಳುವ ಪೂಜೆ ಅದು. ಶಾಲೆಯ ಆರಂಭಕ್ಕೆ ಹೊಂದುವಂಥದ್ದೇ. ಆದರೆ ನನ್ನ ಕಣ್ಣು ಹೋಗುವುದು ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರ ರೊಟ್ಟಿ ಪಡೆಯುವವರ, ಸಾಲಿನ ಕಡೆಗೆ. ಸಾಲು ಮುಂದೆ ಸಾಗುತ್ತದೆ, ಕೆಲವರು ಬೆಂಚಿನಲ್ಲೇ ಉಳಿಯುತ್ತಾರೆ. ಅವರಲ್ಲಿ ಬೇರೆ ಧರ್ಮದವರಿದ್ದಾರೆ, ಬೇರೆ ಕ್ರೈಸ್ತ ಪಂಗಡದವರಿದ್ದಾರೆ. ಕಥೋಲಿಕರಾಗಿದ್ದೂ ಆ ದಿನ ಮನಸ್ಸು ಒಪ್ಪದವರಿದ್ದಾರೆ. ನಂಬಿಕೆ ಹೋಗಿದೆ ಎಂದು ಮನೆಯಲ್ಲಿ ಇನ್ನೂ ಹೇಳಿರದ ಹದಿನಾರರ ಹುಡುಗನೂ ಇರುತ್ತಾನೆ. ಹೊಸ ವರ್ಷದ ಮೊದಲ ವಾರದಲ್ಲೇ ಯಾರು ಒಳಗೆ, ಯಾರು ಹೊರಗೆ ಎಂಬುದು ಇಡೀ ತರಗತಿಯ ಕಣ್ಣಿಗೆ ಬೀಳುತ್ತದೆ. ಅದೂ ಯಾವ ವಯಸ್ಸಿನಲ್ಲಿ? ಎಲ್ಲರಂತಿರುವುದಕ್ಕೆ ಏನು ಬೇಕಾದರೂ ಮಾಡುವ ವಯಸ್ಸಿನಲ್ಲಿ.

ನಂಬಿಕೆಯ ವಿಷಯದಲ್ಲಿ ಒತ್ತಾಯ ಕೂಡದು ಎಂದು ಧರ್ಮಸಭೆ 1965ರಲ್ಲೇ ಎರಡನೆಯ ವ್ಯಾಟಿಕನ್ ಮಹಾಸಭೆಯ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಹೇಳಿದೆ. 1983ರ ಧರ್ಮಸಭಾ ಕಾನೂನಿನ 748ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಕಾಗದದ ಮೇಲೆ ವಿಷಯ ಸ್ಪಷ್ಟವಾಗಿದೆ. ಬೆಂಚಿನ ಮೇಲೆ ಅಷ್ಟು ಸ್ಪಷ್ಟವಿಲ್ಲ. ಕೆಲವು ಕಡೆ ಪರಮಪ್ರಸಾದ ಸ್ವೀಕರಿಸದವರೂ ಎದೆಯ ಮೇಲೆ ಕೈಕಟ್ಟಿಕೊಂಡು ಸಾಲಿನಲ್ಲಿ ಹೋಗಿ ಆಶೀರ್ವಾದ ಪಡೆದು ಬರುತ್ತಾರೆ. ಇದರಿಂದ ಯಾರೂ ಒಂಟಿಯಾಗುವುದಿಲ್ಲ ಎಂಬುದು ಒಂದು ವಾದ. ಬೇಡದವರನ್ನೂ ಎಬ್ಬಿಸಿದಂತಾಗುತ್ತದೆ ಎಂಬುದು ಇನ್ನೊಂದು. ನನ್ನ ಒಲವು ಎರಡನೆಯದರ ಕಡೆಗೆ. ಕುಳಿತಿರುವುದೂ ಮರ್ಯಾದೆಯ ಸಂಗತಿ ಎಂದು ಹಿಂದಿನ ದಿನ ತರಗತಿಯಲ್ಲಿ ಒಂದು ಮಾತು ಹೇಳಿದರೆ, ಮರುದಿನ ಬೆಂಚಿನಲ್ಲಿ ಉಳಿದವರ ಬೆನ್ನು ನೆಟ್ಟಗಿರುತ್ತದೆ. ಆ ಮಾತನ್ನು ಧರ್ಮೋಪದೇಶದ ಟೀಚರ್‌ಗಿಂತ, ತಾನೂ ಬೆಂಚಿನಲ್ಲೇ ಕೂರುವ ವಿಜ್ಞಾನದ ಟೀಚರ್ ಹೇಳಿದರೆ ಇನ್ನೂ ಒಳ್ಳೆಯದು.

ಮುಂದೆ ಸಂಸ್ಥಾಪಕರ ದಿನ. ಇದರ ತಾರೀಖು ಶಾಲೆಯಿಂದ ಶಾಲೆಗೆ ಬೇರೆ; ಆ ತಾರೀಖಿನಿಂದಲೇ ಶಾಲೆಯ ಮನೆತನ, ಅಂದರೆ ಅದು ಯಾವ ಧಾರ್ಮಿಕ ಸಭೆಯದು ಎಂಬುದು, ಗೊತ್ತಾಗುತ್ತದೆ. ಜನವರಿ 31 ಎಂದರೆ ಸಲೇಷಿಯನ್ನರ ಡಾನ್ ಬಾಸ್ಕೊ, ಏಪ್ರಿಲ್ 7 ಎಂದರೆ ಸಂತ ಜಾನ್ ಬ್ಯಾಪ್ಟಿಸ್ಟ್ ದಿ ಲಾ ಸಾಲ್, ಜೂನ್ 6 ಎಂದರೆ ಮಾರಿಸ್ಟ್ ಸಹೋದರರ ಶಾಂಪಾನ್ಯಾ, ಜುಲೈ 31 ಎಂದರೆ ಯೇಸುಸಭೆಯ ಇಗ್ನೇಷಿಯಸ್. ದುರದೃಷ್ಟವೆಂದರೆ ಆ ದಿನ ಶಾಲೆಗಳು ಸಂಸ್ಥಾಪಕರನ್ನು ಸಕ್ಕರೆಯಲ್ಲಿ ಅದ್ದಿ ಬಡಿಸುತ್ತವೆ. ನಿಜವಾದ ಆ ಜನ ಮಹಾ ಕಿರಿಕಿರಿಯ ಮನುಷ್ಯರು, ತಮ್ಮ ಕಾಲದ ಶಾಲೆಯನ್ನು ಸಹಿಸದವರು. ಲಾ ಸಾಲ್ ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬಡ ಮಕ್ಕಳಿಗೆ ಲ್ಯಾಟಿನ್ ಬದಲು ಫ್ರೆಂಚಿನಲ್ಲೇ ಓದು ಕಲಿಸಿದರು. ತಾವು ಸ್ವತಃ ಗುರುವಾಗಿದ್ದರೂ ತಮ್ಮ ಸಭೆಯ ಸಹೋದರರು ಗುರುಪಟ್ಟ ಪಡೆಯಕೂಡದು, ಶಿಕ್ಷಕರಾಗಿಯೇ ಇರಬೇಕು ಎಂದರು. ಪಾಠ ಹೇಳುವುದೇ ಪೂರ್ಣಾವಧಿಯ ಕರೆ ಎಂದು ಅಷ್ಟು ಗಟ್ಟಿಯಾಗಿ ನಂಬಿದ್ದರು. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದ್ದಕ್ಕೆ ಇಂಥ ಹಿನ್ನೆಲೆ ಇದೆ.

ಹೆಣ್ಣುಮಕ್ಕಳ ಶಾಲೆಗಳಲ್ಲಿ ಮೇರಿ ವಾರ್ಡ್ ಅವರ ಕಥೆಯನ್ನು ಪೂರ್ತಿಯಾಗಿ ಹೇಳಬೇಕು ಎನ್ನುವುದು ನನ್ನ ಹಠ. 1585ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈಕೆ ಮಠದ ಗೋಡೆಯೊಳಗೆ ಕೂರದೆ ಊರೂರಿನಲ್ಲಿ ಹುಡುಗಿಯರಿಗೆ ಶಾಲೆ ತೆರೆಯುವ ಧರ್ಮಭಗಿನಿಯರ (ಸನ್ಯಾಸಿನಿಯರ) ಸಂಸ್ಥೆಯನ್ನು ಕಟ್ಟಿದರು. 1631ರಲ್ಲಿ ಪೋಪ್ ಎಂಟನೆಯ ಅರ್ಬನ್ ಆ ಸಂಸ್ಥೆಯನ್ನೇ ರದ್ದು ಮಾಡಿದರು. ಈಕೆಯನ್ನು ಮ್ಯೂನಿಕ್‌ನ ಒಂದು ಮಠದಲ್ಲಿ ಕೂಡಿಹಾಕಲಾಯಿತು. ಸಂಸ್ಥಾಪಕಿ ಎಂದು ಕರೆಯುವುದಕ್ಕೆ ಧರ್ಮಸಭೆಯ ಒಪ್ಪಿಗೆ ಸಿಕ್ಕಿದ್ದು 1909ರಲ್ಲಿ, ಅವರು ತೀರಿಕೊಂಡು ಎರಡೂವರೆ ಶತಮಾನ ಕಳೆದ ಮೇಲೆ. ಈ ಭಾಗವನ್ನು ಬಿಟ್ಟು ಬರೇ ಅವರ ದಯೆ, ಪ್ರಾರ್ಥನೆಗಳ ಬಗ್ಗೆ ನಾಟಕ ಆಡಿಸಿದರೆ ಹತ್ತನೆಯ ತರಗತಿಯ ಹುಡುಗಿಯರು ಆಕಳಿಸುತ್ತಾರೆ. ಪೂರ್ತಿ ಹೇಳಿದರೆ ಪ್ರಶ್ನೆಗಳ ಸುರಿಮಳೆ. ಆ ಪ್ರಶ್ನೆಗಳಿಗೆ ಹೆದರುವ ಶಾಲೆ ಸಂಸ್ಥಾಪಕಿಯ ಚಿತ್ರಕ್ಕೆ ಹಾರ ಹಾಕದಿದ್ದರೂ ನಡೆಯುತ್ತದೆ.

ಡಾನ್ ಬಾಸ್ಕೊ ಅವರ ಬಗ್ಗೆ ಒಂದೇ ಮಾತು. 1884ರ ಮೇ ತಿಂಗಳಲ್ಲಿ ಅವರು ರೋಮಿನಿಂದ ತುರಿನ್‌ನ ತಮ್ಮವರಿಗೆ ಒಂದು ಕಾಗದ ಬರೆದರು. ಆಟದ ಬಯಲಿನಲ್ಲಿ ಮಕ್ಕಳ ನಡುವೆ ಇರಬೇಕಾದ ಹಿರಿಯರು ಈಗ ದೂರ ನಿಂತು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದಾರೆ ಎಂಬುದು ಅದರ ಕೊರಗು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರ ಅರಿವಿಗೆ ಬರಬೇಕು ಎಂಬುದು ಅದರ ತಿರುಳು. ಅದನ್ನು ಓದಿದ ಮೇಲೆ ನಾನು ಯಾವ ಶಾಲೆಗೆ ಹೋದರೂ ಮಧ್ಯಾಹ್ನದ ಬಿಡುವಿನಲ್ಲಿ ಅಂಗಳಕ್ಕೆ ಒಂದು ಸುತ್ತು ಹಾಕುತ್ತೇನೆ. ಎಷ್ಟು ಜನ ಶಿಕ್ಷಕರು ಹೊರಗಿದ್ದಾರೆ ಎಂದು ನೋಡುವುದಕ್ಕೆ.

ನವೆಂಬರ್. 1ನೆಯ ತಾರೀಖು ಸಕಲ ಸಂತರ ಹಬ್ಬ, 2ನೆಯ ತಾರೀಖು ಸಕಲ ಮೃತರ ಸ್ಮರಣೆ. ನನ್ನ ಮಟ್ಟಿಗೆ ಕಥೋಲಿಕ ಶಾಲೆಯ ಇಡೀ ವರ್ಷದಲ್ಲಿ ಇದಕ್ಕೆ ಸಮನಾದ ತಿಂಗಳಿಲ್ಲ. ಪ್ರಾರ್ಥನಾಲಯದಲ್ಲಿ ಒಂದು ಪುಸ್ತಕ ತೆರೆದಿಟ್ಟಿರುತ್ತಾರೆ. ತೀರಿಕೊಂಡ ತಮ್ಮವರ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಮೊದಲ ದಿನ ಯಾರೂ ಬರೆಯುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಪುಟ ತುಂಬಿರುತ್ತದೆ. ಅಜ್ಜಂದಿರು, ಅಜ್ಜಿಯರು, ಹುಟ್ಟುವ ಮೊದಲೇ ಹೋದ ತಮ್ಮ, ಬಸ್ ಅಪಘಾತದಲ್ಲಿ ಸತ್ತ ಹಳೆಯ ವಿದ್ಯಾರ್ಥಿ, ಮುದ್ದಿನ ನಾಯಿ. ನಾಯಿಯ ಹೆಸರನ್ನು ಹೊಡೆದುಹಾಕುವ ಶಿಕ್ಷಕರೂ ಇದ್ದಾರೆ. ಬಿಡಿ, ಇರಲಿ. ಹದಿಮೂರರ ಹುಡುಗ ಸಾವಿನ ಬಗ್ಗೆ ಮೊದಲ ಸಲ ಪೆನ್ನು ಹಿಡಿದಿದ್ದಾನೆ.

ಈ ಪುಸ್ತಕಕ್ಕೆ ಧರ್ಮದ ಬೇಲಿ ಇಲ್ಲ, ಅಂಕವಿಲ್ಲ, ಬಹುಮಾನವಿಲ್ಲ. ಪರಮಪ್ರಸಾದದ ಸಾಲಿನಲ್ಲಿ ಎರಡಾಗಿದ್ದ ತರಗತಿ ಇಲ್ಲಿ ಒಂದಾಗುತ್ತದೆ. ಕಚೇರಿಯ ಗುಮಾಸ್ತರೂ ಕಸ ಗುಡಿಸುವವರೂ ಬರೆಯುತ್ತಾರೆ. ಅವರ ಮನೆಯಲ್ಲೂ ಸಾವಾಗಿತ್ತು ಎಂದು ಶಾಲೆಗೆ ಆಗ ತಿಳಿಯುತ್ತದೆ. ಶಾಲೆಯಲ್ಲಿ ನಿಜವಾಗಿಯೂ ಸಾವು ಸಂಭವಿಸಿದ ವರ್ಷ, ಒಬ್ಬ ವಿದ್ಯಾರ್ಥಿಯೋ ಯುವ ಶಿಕ್ಷಕಿಯೋ ಹೋದ ವರ್ಷ, ಸಮುದಾಯಕ್ಕೆ ಏನು ಮಾಡಬೇಕೆಂಬುದು ತೋಚುತ್ತದೆ. ಏಕೆಂದರೆ ಪ್ರತಿ ನವೆಂಬರಿನಲ್ಲೂ ಅದು ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಕೊಂಡಿರುತ್ತದೆ. ವೇಳಾಪಟ್ಟಿ ಆಗ ತಾನಾಗಿಯೇ ದಾರಿ ಬಿಡುತ್ತದೆ. ಆ ದಿನ ಪಾಠ ಹಿಂದುಳಿಯಿತು ಎಂದು ಗೊಣಗಿದ ಪೋಷಕರು ನನಗೆ ಇನ್ನೂ ಸಿಕ್ಕಿಲ್ಲ.

ಡಿಸೆಂಬರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗಮನ ಕಾಲ ಕಾಯುವ ಕಾಲ, ನೇರಳೆ ಬಣ್ಣದ ಕಾಲ. ಕ್ರಿಸ್ತಜಯಂತಿ ಶುರುವಾಗುವುದೇ 24ರ ರಾತ್ರಿಗೆ. ಆ ಹೊತ್ತಿಗೆ ಶಾಲೆಯ ಗೇಟಿಗೆ ಬೀಗ ಬಿದ್ದಿರುತ್ತದೆ. ಆದ್ದರಿಂದ ಎಲ್ಲ ಶಾಲೆಗಳೂ ಹಬ್ಬವನ್ನು ಮುಂಗಡವಾಗಿ ಆಚರಿಸಿ ಮುಗಿಸುತ್ತವೆ. ಗೋದಲಿಯಲ್ಲಿ ಬಾಲಯೇಸುವಿನ ಜಾಗವನ್ನಾದರೂ ಖಾಲಿ ಬಿಡಿ ಎಂದು ಹಟ ಹಿಡಿಯುವ ಒಬ್ಬ ಧರ್ಮಭಗಿನಿ ಪ್ರತಿ ಶಾಲೆಯಲ್ಲೂ ಇರುತ್ತಾರೆ. ಸಾಮಾನ್ಯವಾಗಿ ಅವರು ಸೋಲುತ್ತಾರೆ.

ತಪಸ್ಸುಕಾಲದಲ್ಲಿ ಮಾತ್ರ ಶಾಲೆ ಚುರುಕಾಗಿರುತ್ತದೆ. ಬೂದಿ ಬುಧವಾರಕ್ಕೆ ಬಳಸುವ ಬೂದಿ ಹಿಂದಿನ ವರ್ಷ ಗರಿಗಳ ಭಾನುವಾರದಂದು, ಅಂದರೆ ಪಾಸ್ಕದ ಹಿಂದಿನ ಭಾನುವಾರ, ಹಿಡಿದಿದ್ದ ಗರಿಗಳನ್ನು ಸುಟ್ಟದ್ದು. ಪರೀಕ್ಷಾ ಮಂಡಳಿಯ ಲೆಕ್ಕದಲ್ಲಿ ಕಳೆದ ವರ್ಷ ಮುಗಿದುಹೋದದ್ದು, ಅಂಕಪಟ್ಟಿ ಕೊಟ್ಟಾಗಿದೆ. ಧರ್ಮಸಭೆಯ ಲೆಕ್ಕದಲ್ಲಿ ಎಂಟನೆಯ ತರಗತಿಯಲ್ಲಿ ಹಿಡಿದಿದ್ದ ಗರಿ ಒಂಬತ್ತನೆಯ ತರಗತಿಯಲ್ಲಿ ಹಣೆಗೆ ಬರುತ್ತದೆ. 2018ರಲ್ಲೂ 2024ರಲ್ಲೂ ಬೂದಿ ಬುಧವಾರ ಫೆಬ್ರುವರಿ 14ಕ್ಕೇ ಬಿದ್ದಿತ್ತು. ಹಣೆಯಲ್ಲಿ ಬೂದಿ, ಚೀಲದಲ್ಲಿ ಗುಲಾಬಿ. ‘ಮನುಜಾ, ನೀನು ಮಣ್ಣು’ ಎಂಬ ಮಾತನ್ನು ಪ್ರೌಢಶಾಲೆಯವರಿಗೆ ಅದಕ್ಕಿಂತ ಕೆಟ್ಟ ದಿನ ಹೇಳುವುದಕ್ಕೆ ಸಾಧ್ಯವಿಲ್ಲ. 2029ರಲ್ಲಿ ಮತ್ತೆ ಹಾಗೇ ಬರಲಿದೆ, ಸಿದ್ಧರಾಗಿ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. ಮಾಂಸ ವರ್ಜಿಸುವ ನಿಯಮ ಹದಿನಾಲ್ಕು ತುಂಬಿದವರಿಗೆ ಅನ್ವಯಿಸುತ್ತದೆ. ಉಪವಾಸದ ನಿಯಮ ಹದಿನೆಂಟು ತುಂಬಿದವರಿಗೆ. ಎಂದರೆ ಒಂದೇ ತರಗತಿಯಲ್ಲಿ ಫೆಬ್ರುವರಿಯಲ್ಲಿ ಹುಟ್ಟಿದವಳು ನಿಯಮಕ್ಕೆ ಬದ್ಧಳು, ಜೂನ್‌ನಲ್ಲಿ ಹುಟ್ಟಿದವನು ಇನ್ನೂ ಅಲ್ಲ. ಉಪವಾಸವಂತೂ ಹೆಚ್ಚಿನವರಿಗೆ ಶಾಲೆ ಬಿಟ್ಟ ಮೇಲಿನ ಮಾತು. ಆದರೂ ಮಕ್ಕಳು ಪೈಪೋಟಿಯಿಂದ ಏನಾದರೊಂದನ್ನು ಬಿಡುತ್ತಾರೆ: ಚಾಕೊಲೇಟ್, ಮೊಬೈಲ್ ಆಟ. ಉಳಿಸಿದ ಹಣ ಡಬ್ಬಿಗೆ ಬೀಳುತ್ತದೆ. ಯಾವ ತರಗತಿ ಹೆಚ್ಚು ಕೂಡಿಸಿತು ಎಂದು ಮೈಕಿನಲ್ಲಿ ಸಾರುವುದನ್ನು ದಯವಿಟ್ಟು ನಿಲ್ಲಿಸಿ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗದಿರಲಿ ಎಂಬ ಬೈಬಲಿನ ಶುಭಸಂದೇಶವನ್ನು ಬೂದಿ ಬುಧವಾರದಂದೇ ಓದುತ್ತೇವೆ, ಮರುವಾರ ತರಗತಿವಾರು ಮೊತ್ತವನ್ನು ಫಲಕಕ್ಕೆ ಅಂಟಿಸುತ್ತೇವೆ.

ತಪಸ್ಸುಕಾಲದಲ್ಲಿ ಪಾಪನಿವೇದನೆಯೂ, ಅಂದರೆ ಗುರುವಿನ ಎದುರು ಗುಟ್ಟಾಗಿ ತಪ್ಪೊಪ್ಪಿಕೊಳ್ಳುವುದೂ, ಇರುತ್ತದೆ. ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಧರ್ಮಸಭಾ ಕಾನೂನಿನ 985ನೆಯ ವಿಧಿ ಹೆಚ್ಚು ಜನರಿಗೆ ಗೊತ್ತಿಲ್ಲ. ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಾದ ಗುರು, ತಮ್ಮೊಂದಿಗೆ ಅದೇ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆಯನ್ನು ಕೇಳುವಂತಿಲ್ಲ. ವಿದ್ಯಾರ್ಥಿಯೇ ತಾನಾಗಿ ಕೇಳಿಕೊಂಡ ವಿಶೇಷ ಸಂದರ್ಭ ಮಾತ್ರ ಇದಕ್ಕೆ ಹೊರತು. ಶಿಕ್ಷಿಸುವ ಅಧಿಕಾರವೂ ಅಂತರಂಗದ ಗುಟ್ಟೂ ಒಬ್ಬರ ಕೈಯಲ್ಲಿ ಸೇರಬಾರದು ಎಂಬ ಎಚ್ಚರ ಅದು. ಅಧಿಕಾರದಲ್ಲಿರುವ ಹಿರಿಯನ ಎದುರು ಮಗು ಎಷ್ಟು ಅಸಹಾಯಕ ಎಂಬುದು ಆ ವಿಧಿ ಬರೆದವರಿಗೆ ಗೊತ್ತಿತ್ತು.

ಗೊತ್ತಿದ್ದೂ ಎಷ್ಟೋ ಕಡೆ ಮಕ್ಕಳಿಗೆ ರಕ್ಷಣೆ ಸಿಗಲಿಲ್ಲ. ಧಾರ್ಮಿಕ ಸಭೆಗಳು ನಡೆಸುತ್ತಿದ್ದ ವಸತಿ ಸಂಸ್ಥೆಗಳ ಬಗ್ಗೆ ಐರ್ಲೆಂಡಿನ ತನಿಖಾ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2013ರಿಂದ 2017ರವರೆಗೆ ಸಾಕ್ಷ್ಯ ಕೇಳಿತು. ಕೆನಡಾದ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ಸೇರಿಸಿದ ವಸತಿ ಶಾಲೆಗಳಲ್ಲಿ ಹಲವನ್ನು ಕಥೋಲಿಕ ಸಂಸ್ಥೆಗಳೇ ನಡೆಸುತ್ತಿದ್ದವು. ಪೋಪ್ ಫ್ರಾನ್ಸಿಸ್ 2022ರ ಜುಲೈನಲ್ಲಿ ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು. ಸಮುದಾಯ ಎಂಬ ಮಾತನ್ನು ಬೆಚ್ಚಗೆ ಹೇಳುವಾಗಲೆಲ್ಲ ಇದನ್ನೂ ಹೇಳಬೇಕು. ಏಕೆಂದರೆ ನಮ್ಮ ಮನೆಯ ಮಾತು ಹೊರಗೆ ಹೋಗಬಾರದು ಎನ್ನುವ ಸಮುದಾಯವೇ ಆ ಮಕ್ಕಳ ಬಾಯಿ ಮುಚ್ಚಿಸಿತು. ಇಂದು ಒಳ್ಳೆಯ ಶಾಲೆಗಳಲ್ಲಿ ಪಾಪನಿವೇದನೆ ಎಲ್ಲರಿಗೂ ಕಾಣುವ ತೆರೆದ ಜಾಗದಲ್ಲಿ ನಡೆಯುತ್ತದೆ, ಆಪ್ತಸಲಹೆಯ ಕೊಠಡಿಯ ಬಾಗಿಲಿಗೆ ಗಾಜು ಇರುತ್ತದೆ, ದೂರು ಕೊಡಬೇಕಾದವರ ಹೆಸರು ಮಕ್ಕಳ ದಿನಚರಿಯಲ್ಲೇ ಅಚ್ಚಾಗಿರುತ್ತದೆ. ಶಾಲೆಯನ್ನು ಆರಿಸುವ ಪೋಷಕರು ಪ್ರಾರ್ಥನಾಲಯವನ್ನು ಆಮೇಲೆ ನೋಡಲಿ, ಮೊದಲು ಆ ಬಾಗಿಲನ್ನು ನೋಡಲಿ.

ತಪಸ್ಸುಕಾಲದ ನಲವತ್ತು ದಿನಗಳನ್ನು ಶಾಲೆ ಹೀಗೆ ಶ್ರದ್ಧೆಯಿಂದ ಆಚರಿಸುತ್ತದೆ. ಪಾಸ್ಕದ ಕಾಲ ಅದಕ್ಕಿಂತ ದೊಡ್ಡದು, ಐವತ್ತು ದಿನ. ಆ ಐವತ್ತು ದಿನ ಎಲ್ಲಿ ಹೋಗುತ್ತವೆ? ಮೊದಲ ಒಂದೆರಡು ವಾರ ರಜೆ, ಉಳಿದದ್ದು ಪರೀಕ್ಷೆಯ ತಯಾರಿ, ಇಲ್ಲವೇ ಪರೀಕ್ಷೆ. ಫಲಕದ ಮೇಲಿನ ತಪಸ್ಸುಕಾಲದ ನೇರಳೆ ಕಾಗದ ಇಳಿಯುತ್ತದೆ, ಪಾಸ್ಕದ ಬಿಳಿಯದನ್ನು ಅಂಟಿಸಲು ಯಾರಿಗೂ ಪುರಸೊತ್ತಿಲ್ಲ. ಅನೇಕ ಮಕ್ಕಳು ಆರು ವರ್ಷ ಕಥೋಲಿಕ ಶಾಲೆಯಲ್ಲಿ ಓದಿ ಹೊರಬಿದ್ದಾಗ ಅವರಿಗೆ ಯೇಸುವಿನ ಯಾತನೆ, ಸಾವುಗಳನ್ನು ನೆನೆಯುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳು ಬಾಯಿಗೆ ಬರುತ್ತವೆ; ಪುನರುತ್ಥಾನದ ಒಂದು ಕಥೆ ಕೇಳಿದರೆ ತಡವರಿಸುತ್ತಾರೆ. ಈ ಧರ್ಮ ದುಃಖದ್ದು, ತಪ್ಪೊಪ್ಪಿಗೆಯದು ಎಂದು ಹಳೆಯ ವಿದ್ಯಾರ್ಥಿಗಳು ಹೇಳಿದಾಗ ನಾವು ನೊಂದುಕೊಳ್ಳುತ್ತೇವೆ. ತಪ್ಪು ಧರ್ಮೋಪದೇಶದ್ದಲ್ಲ, ಕ್ಯಾಲೆಂಡರಿನದು. ಶಾಲೆ ಯಾವುದಕ್ಕೆ ಅವಧಿ ಬಿಟ್ಟಿತೋ ಅದನ್ನೇ ಮಕ್ಕಳು ಕಲಿತರು. ಪಾಸ್ಕದ ಮೊದಲ ವಾರದ ನಂತರ ಶಾಲೆ ತೆರೆದ ದಿನ ಅರ್ಧ ದಿನದ ಹಬ್ಬ ಮಾಡಿ, ಹಾಡಿರಿ, ಆಡಿರಿ, ಪಾಠ ಬೇಡ ಎಂದು ಒಂದು ಆಡಳಿತ ಮಂಡಳಿಗೆ ನಾನು ಸಲಹೆ ಕೊಟ್ಟಿದ್ದೆ. ಪರೀಕ್ಷೆ ಹತ್ತಿರವಿದೆ ಎಂದು ನಯವಾಗಿ ನಿರಾಕರಿಸಿದರು. ಅದೇ ಮಂಡಳಿ ತಪಸ್ಸುಕಾಲದ ಧ್ಯಾನಕೂಟಕ್ಕೆ ಎರಡು ಪೂರ್ತಿ ದಿನ ಕೊಟ್ಟಿತ್ತು.

ವರ್ಷದ ಕೊನೆಗೆ ಬೀಳ್ಕೊಡುಗೆ, ಕಣ್ಣೀರು, ಅಂಗಿಯ ಮೇಲೆ ಸಹಿ. ಇದು ಎಲ್ಲ ಶಾಲೆಗಳಿಗೂ ಸಾಮಾನ್ಯ, ದಾಟಿ ಹೋಗೋಣ. ಕಥೋಲಿಕ ಶಾಲೆಗೆ ವಿಶೇಷವಾದದ್ದು ವರ್ಗಾವಣೆಯ ಕಾಗದ. ಧರ್ಮಭಗಿನಿಯರಿಗೂ ಸಹೋದರರಿಗೂ ತಮ್ಮ ಸಭೆಯ ಮುಖ್ಯಸ್ಥರಿಂದ ಆದೇಶ ಬರುತ್ತದೆ. ವಿಧೇಯತೆಯ ವ್ರತ ತೊಟ್ಟವರು ಎರಡು ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾರೆ. ಹಲವು ದೇಶಗಳಲ್ಲಿ ಈಗ ಅಂಥವರು ಬೆರಳೆಣಿಕೆಯಷ್ಟು, ಅಥವಾ ಇಲ್ಲವೇ ಇಲ್ಲ. ಶಾಲೆಯನ್ನು ನಡೆಸುತ್ತಿರುವವರು ಶ್ರೀಸಾಮಾನ್ಯ ಶಿಕ್ಷಕರು: ಸಂಬಳ, ಸಾಲ, ಮನೆ, ಮಕ್ಕಳು ಇರುವವರು. ಶಾಲೆಯಲ್ಲಿ ಅವರ ಸ್ಥಾನವೇನು ಎಂಬುದರ ಬಗ್ಗೆ ವ್ಯಾಟಿಕನ್ 1982ರಲ್ಲೇ ಪ್ರತ್ಯೇಕ ದಾಖಲೆ ಹೊರಡಿಸಿದೆ. ಅದರ ಭಾಷೆ ಉನ್ನತವಾಗಿದೆ. ಆದರೆ ಮಠದಲ್ಲಿ ವಾಸಿಸುವ ಧರ್ಮಭಗಿನಿ ಸಂಜೆ ಏಳರವರೆಗೆ ಶಾಲೆಯಲ್ಲೇ ಇರಬಲ್ಲವರಾಗಿದ್ದರು. ಆ ಹಳೆಯ ಅಳತೆಯಲ್ಲೇ ಎರಡು ಮಕ್ಕಳ ತಾಯಿಯನ್ನು ಅಳೆದು, ಸೇವಾ ಮನೋಭಾವ ಕಡಿಮೆಯಾಗಿದೆ ಎನ್ನುವುದು ಅನ್ಯಾಯ.

ಇನ್ನೂ ಒಂದು ಕಾಗದ ಇದೇ ಹೊತ್ತಿಗೆ ತಯಾರಾಗುತ್ತದೆ: ಮುಂದಿನ ವರ್ಷದ ಪ್ರವೇಶ ಪಟ್ಟಿ. 1977ರ ಮಾರ್ಚ್‌ನಲ್ಲಿ ವ್ಯಾಟಿಕನ್ನಿನ ಶಿಕ್ಷಣ ವಿಭಾಗ ಹೊರಡಿಸಿದ ದಾಖಲೆಯು, ಕಥೋಲಿಕ ಶಾಲೆ ಉಳ್ಳವರ ಕಡೆಗಷ್ಟೇ ತಿರುಗಿದರೆ ಅವರ ಮೇಲ್ಮೆಯನ್ನು ಕಾಪಾಡುವ, ಅನ್ಯಾಯದ ಸಮಾಜಕ್ಕೆ ನೆರವಾಗುವ ಸಂಸ್ಥೆಯಾದೀತು ಎಂದು ನೇರವಾಗಿ ಎಚ್ಚರಿಸಿದೆ. ಬಡವರ ಮಕ್ಕಳಿಗೆಂದು ಶುರುವಾದ ಎಷ್ಟು ಶಾಲೆಗಳಲ್ಲಿ ಇಂದು ಬಡವರ ಮಕ್ಕಳಿದ್ದಾರೆ ಎಂಬುದನ್ನು ಸಂಸ್ಥಾಪಕರ ದಿನದಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ದಿನವೂ ಅದಲ್ಲ. ಪ್ರವೇಶ ಪಟ್ಟಿ ಅಂತಿಮವಾಗುವ ಮಧ್ಯಾಹ್ನ ಕೇಳಬೇಕು.

ಇಷ್ಟಕ್ಕೆ ಉಪನ್ಯಾಸ ಮುಗಿದಿತ್ತು. ಆಮೇಲೆ ಒಬ್ಬ ತಂದೆ ಎದ್ದು ನಿಂತು, ತಾವು ಕ್ರೈಸ್ತರಲ್ಲ, ಮಗಳು ಶಾಲೆಯ ಬಲಿಪೂಜೆಗೆ ಹೋಗಲೇಬೇಕೇ ಎಂದು ಕೇಳಿದರು. ನಾನು ಹೇಳಿದ್ದಿಷ್ಟು: ನಿಯಮಗಳು ದೇಶದಿಂದ ದೇಶಕ್ಕೆ, ಶಾಲೆಯಿಂದ ಶಾಲೆಗೆ ಬೇರೆ. ಆದ್ದರಿಂದ ಪ್ರವೇಶದ ದಿನವೇ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಉತ್ತರ ಕೊಡುವಾಗ ಪ್ರಾಂಶುಪಾಲರು ಮುಜುಗರಪಟ್ಟರೆ ಚಿಂತೆಯಿಲ್ಲ, ಸಿಟ್ಟಾದರೆ ಯೋಚಿಸಿ. ಮಗಳನ್ನೂ ಒಂದು ಮಾತು ಕೇಳಿ. ಹಾಡು ಕೇಳಲು ಇಷ್ಟ, ಮಂಡಿಯೂರಲು ಇಷ್ಟವಿಲ್ಲ ಎಂದು ಅವಳು ಹೇಳಬಹುದು. ಅದಕ್ಕೂ ಶಾಲೆಯಲ್ಲಿ ಜಾಗ ಇರಬೇಕು.

ಇನ್ನೊಬ್ಬರು ಶಿಕ್ಷಕಿ. ಪರೀಕ್ಷೆ ಹತ್ತಿರವಿರುವಾಗ ಪ್ರತಿ ಶುಕ್ರವಾರ ಶಿಲುಬೆ ಹಾದಿಗೆ ಒಂದು ಅವಧಿ ಹೋಗುವುದು ಸರಿಯೇ ಎಂದು ಕೇಳಿದರು. ಯಾರ ಅವಧಿ ಎಂದೆ. ಚಿತ್ರಕಲೆಯದು ಎಂದರು, ತಾವೇ ಚಿತ್ರಕಲೆಯ ಶಿಕ್ಷಕಿ ಎಂದೂ ಸೇರಿಸಿದರು. ಸಭೆ ನಕ್ಕಿತು, ಅವರು ನಗಲಿಲ್ಲ. ಪ್ರತಿ ವಾರ ಒಂದೇ ವಿಷಯದಿಂದ ಕಿತ್ತುಕೊಂಡರೆ ಅದನ್ನು ತ್ಯಾಗ ಎನ್ನಲಾಗದು, ಆ ವಿಷಯಕ್ಕೆ ಶಾಲೆ ಕಟ್ಟಿದ ಬೆಲೆ ಅದು. ಸರದಿ ಮಾಡಲಿ: ಒಂದು ವಾರ ಗಣಿತ, ಒಂದು ವಾರ ವಿಜ್ಞಾನ, ಒಂದು ವಾರ ಭಾಷೆ. ಒಪ್ಪದಿದ್ದರೆ ಶಿಲುಬೆ ಹಾದಿ ಶಾಲೆ ಬಿಟ್ಟ ಮೇಲೆ ನಡೆಯಲಿ, ಬರುವವರು ಬರಲಿ. 2027ರಲ್ಲಿ ಬೂದಿ ಬುಧವಾರ ಫೆಬ್ರುವರಿ 10ಕ್ಕೇ ಬರುತ್ತದೆ, ಪಾಸ್ಕ ಮಾರ್ಚ್ 28ಕ್ಕೆ. ಆ ನಡುವಿನ ಶುಕ್ರವಾರಗಳನ್ನು ಎಣಿಸಿಕೊಂಡು ಸರದಿಯ ಪಟ್ಟಿಯನ್ನು ಬೇಗನೆ ಉಪಪ್ರಾಂಶುಪಾಲರ ಮೇಜಿನ ಮೇಲಿಡಿ ಎಂದು ಅವರಿಗೆ ಹೇಳಿದೆ.